ಕಾಲಿ ಬೇಯಿನ್: ಕರಸೇವೆಯಿಂದ ಉಳಿದ ಹಳ್ಳ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗೆ ಇತಿಹಾಸದ ಪುಸ್ತಕಗಳಲ್ಲಿ ‘ದೋಆಬ್’ ಎಂಬ ಹೆಸರಿದೆ. ಎರಡು ನೀರುಗಳ ನಡುವಿನ ನೆಲ ಎಂಬುದು ಆ ಪಾರ್ಸಿ ಪದದ ಅರ್ಥ. ಇದೇ ಹೆಸರಿನ ಇನ್ನೊಂದು ಸೀಮೆ ಪಂಜಾಬಿನಲ್ಲಿದೆ. ಬಿಯಾಸ್ ಮತ್ತು ಸಟ್ಲೆಜ್ ನದಿಗಳ ನಡುವೆ ಹರಡಿಕೊಂಡಿರುವ ಆ ಭಾಗವನ್ನು ಅಲ್ಲಿಯವರು ‘ದೋಆಬಾ’ ಎನ್ನುತ್ತಾರೆ. ಜಲಂಧರ್, ಹೋಶಿಯಾರ್‌ಪುರ, ಕಪೂರ್ತಲಾ ಜಿಲ್ಲೆಗಳು ಈ ಸೀಮೆಗೆ ಸೇರಿದವು. ಇಂಗ್ಲೆಂಡ್, ಕೆನಡಾಗಳಿಗೆ ಹೋಗಿ ನೆಲೆಸಿದ ಪಂಜಾಬಿಗಳಲ್ಲಿ ದೊಡ್ಡ ಪಾಲು ಇಲ್ಲಿಯವರದು.

ಈ ಮೂರು ಜಿಲ್ಲೆಗಳ ನಡುವೆ ಅಂಕುಡೊಂಕಾಗಿ ಹರಿಯುವ ಒಂದು ಜಲಧಾರೆಯ ಹೆಸರು ಕಾಲಿ ಬೇಯಿನ್. ಹೋಶಿಯಾರ್‌ಪುರ ಜಿಲ್ಲೆಯ ಧನೋಆ ಎಂಬ ಹಳ್ಳಿಯ ಬಳಿ ಹುಟ್ಟಿ, ಸುಮಾರು 160 ಕಿಲೋಮೀಟರ್ ಸಾಗಿ, ಬಿಯಾಸ್ ಮತ್ತು ಸಟ್ಲೆಜ್ ಕೂಡುವ ಹರಿಕೆಯ ಸಮೀಪ ಅದು ದೊಡ್ಡ ನೀರನ್ನು ಸೇರುತ್ತದೆ. ಹೊಳೆ ಎನ್ನಲು ಸಣ್ಣದು, ಹಳ್ಳ ಎನ್ನಲು ಉದ್ದವಾದದ್ದು. ಹಿಮಾಲಯದ ಮಂಜಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಬಯಲಿನ ತಗ್ಗುಗಳಲ್ಲಿ ಬಸಿದ ನೀರು, ಒರತೆ, ಮಳೆ ಇವೇ ಅದರ ಬಂಡವಾಳ. ಪಕ್ಕದಲ್ಲೇ ‘ಚಿಟ್ಟಿ ಬೇಯಿನ್’ ಎಂಬ ಇನ್ನೊಂದು ಹಳ್ಳವಿದೆ. ಕಾಲಿ ಎಂದರೆ ಕಪ್ಪು, ಚಿಟ್ಟಿ ಎಂದರೆ ಬಿಳಿ.

ಭೂಗೋಳದ ಪಾಠದಲ್ಲಿ ಇಂಥ ಹಳ್ಳಕ್ಕೆ ಒಂದು ಸಾಲೂ ಸಿಗುವುದಿಲ್ಲ. ಆದರೆ ಸಿಖ್ ಧರ್ಮದ ಇತಿಹಾಸದಲ್ಲಿ ಕಾಲಿ ಬೇಯಿನ್‌ಗೆ ಇರುವ ಸ್ಥಾನ ಪಂಜಾಬಿನ ಐದು ನದಿಗಳಿಗೂ ಇಲ್ಲ.

1469ರಲ್ಲಿ ತಲವಂಡಿಯಲ್ಲಿ (ಈಗ ಪಾಕಿಸ್ತಾನದಲ್ಲಿರುವ ನಂಕಾನಾ ಸಾಹಿಬ್) ಜನಿಸಿದ ಗುರು ನಾನಕರು ಯೌವನದ ಹಲವು ವರ್ಷಗಳನ್ನು ಕಳೆದದ್ದು ಈ ಹಳ್ಳದ ದಡದ ಸುಲ್ತಾನಪುರ ಲೋಧಿಯಲ್ಲಿ. ಅಕ್ಕ ನಾನಕಿಯನ್ನು ಕೊಟ್ಟಿದ್ದ ಊರು ಅದು. ಭಾವ ಜೈರಾಮರ ಶಿಫಾರಸಿನಿಂದ ಅವರಿಗೆ ನವಾಬ ದೌಲತ್ ಖಾನ್ ಲೋಧಿಯ ‘ಮೋದಿಖಾನೆ’ಯಲ್ಲಿ, ಅಂದರೆ ಸರ್ಕಾರಿ ಉಗ್ರಾಣದಲ್ಲಿ, ದವಸ ಅಳೆದು ಕೊಡುವ ಕೆಲಸ ಸಿಕ್ಕಿತು. ಅಳೆಯುತ್ತಾ ಹದಿಮೂರಕ್ಕೆ ಬಂದಾಗ ಅವರು ಅಲ್ಲೇ ನಿಂತುಬಿಡುತ್ತಿದ್ದರೆಂದು ಕಥೆಯಿದೆ. ಪಂಜಾಬಿಯಲ್ಲಿ ‘ತೇರಾ’ ಎಂದರೆ ಹದಿಮೂರು. ‘ನಿನ್ನದು’ ಎಂದೂ ಅರ್ಥ. ಎಲ್ಲವೂ ನಿನ್ನದೇ ಎನ್ನುತ್ತಾ ಅಳೆದು ಕೊಡುತ್ತಿದ್ದ ಈ ಗುಮಾಸ್ತನ ಮೇಲೆ ದೂರು ಹೋಗಿ, ಲೆಕ್ಕ ತಪಾಸಣೆ ನಡೆದು, ಉಗ್ರಾಣದಲ್ಲಿ ಏನೂ ಕೊರತೆ ಕಾಣಲಿಲ್ಲವಂತೆ. ಆ ಜಾಗದಲ್ಲಿ ಈಗ ಹಟ್ಟ್ ಸಾಹಿಬ್ ಗುರುದ್ವಾರವಿದೆ.

ನಾನಕರು ದಿನವೂ ಬೆಳಗಿನ ಜಾವ ಸ್ನಾನಕ್ಕೆ ಹೋಗುತ್ತಿದ್ದುದು ಕಾಲಿ ಬೇಯಿನ್‌ಗೆ. ಒಂದು ದಿನ ನೀರಿಗಿಳಿದವರು ಮೇಲೆ ಬರಲಿಲ್ಲ. ಜನ ಹುಡುಕಿದರು, ಬಲೆ ಹಾಕಿಸಿದರು, ಆಸೆ ಬಿಟ್ಟರು. ಮೂರನೆಯ ದಿನ ಅವರು ಎದ್ದು ಬಂದರು ಮತ್ತು ಹಿಂದೂ, ಮುಸಲ್ಮಾನ ಎಂಬ ಭೇದವೇ ಇಲ್ಲವೆಂಬ ಅರ್ಥದ ಮಾತನ್ನು ಮೊದಲು ಆಡಿದರು ಎಂಬುದು ಸಿಖ್ಖರ ನಂಬಿಕೆ. ಇದು ನಡೆದದ್ದು 1499ರಲ್ಲಿ ಎನ್ನುವವರಿದ್ದಾರೆ, ಕೆಲವು ವರ್ಷ ಈಚೆಗೆ ಎನ್ನುವವರೂ ಇದ್ದಾರೆ. ಅದೇನೇ ಇರಲಿ, ನೌಕರಿ ಬಿಟ್ಟು ನಾನಕರು ತಮ್ಮ ದೀರ್ಘ ಯಾತ್ರೆಗಳಿಗೆ ಹೊರಟದ್ದು ಈ ಘಟನೆಯ ನಂತರವೇ.

ಆ ಯಾತ್ರೆಗಳ ಒಂದು ನೆನಪು ಕರ್ನಾಟಕದಲ್ಲೂ ಉಳಿದಿದೆ. ಬೀದರಿನ ನಾನಕ್ ಝೀರಾ ಸಾಹಿಬ್ ಗುರುದ್ವಾರವನ್ನು ನೋಡದ ಉತ್ತರ ಕರ್ನಾಟಕದವರು ಕಡಿಮೆ. ‘ಝೀರಾ’ ಎಂದರೆ ಒರತೆ. ಕುಡಿಯುವ ನೀರಿಗೆ ಪರದಾಡುತ್ತಿದ್ದ ಊರಿನಲ್ಲಿ ನಾನಕರು ಪಾದುಕೆಯಿಂದ ಕಲ್ಲನ್ನು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬ ಐತಿಹ್ಯ ಅಲ್ಲಿಯದು. ಮುಂದೆ ಗುರು ಗೋವಿಂದ ಸಿಂಗರ ‘ಪಂಚ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ಹೀಗೆ ನಾನಕರ ಕಥೆಯಲ್ಲಿ ನೀರು ಮತ್ತೆ ಮತ್ತೆ ಬರುತ್ತದೆ. ಅವರ ಜಪುಜಿಯ ಕೊನೆಯಲ್ಲಿ ಗಾಳಿಗೆ ಗುರುವಿನ, ನೀರಿಗೆ ತಂದೆಯ, ಭೂಮಿಗೆ ತಾಯಿಯ ಸ್ಥಾನ ನೀಡಲಾಗಿದೆ. ಸಿಖ್ಖರು ಇದನ್ನು ಪ್ರತಿದಿನ ಪಠಿಸುತ್ತಾರೆ.

ವಿಪರ್ಯಾಸವೆಂದರೆ, ನೀರನ್ನು ತಂದೆ ಎಂದ ಗುರು ಮುಳುಗಿ ಎದ್ದ ಅದೇ ಹಳ್ಳ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಾಲು ತೊಳೆಯಲೂ ಯೋಗ್ಯವಾಗಿ ಉಳಿದಿರಲಿಲ್ಲ.

ಹಳ್ಳ ಚರಂಡಿಯಾದ ಬಗೆ

ಕಾಲಿ ಬೇಯಿನ್ ಒಂದೇ ದಿನದಲ್ಲಿ ಕೆಟ್ಟದ್ದಲ್ಲ. ಅದು ಕೆಟ್ಟ ಬಗೆಯನ್ನು ನೋಡಿದರೆ ಪಂಜಾಬಿನ ‘ಪ್ರಗತಿ’ಯ ಕಥೆಯನ್ನೇ ಇನ್ನೊಂದು ಕಡೆಯಿಂದ ಓದಿದಂತಾಗುತ್ತದೆ. ಹಿಂದೆ ಬಿಯಾಸ್ ನದಿಗೆ ಪ್ರವಾಹ ಬಂದಾಗ ಮುಕೇರಿಯಾನ್, ದಸೂಹಾ ಸುತ್ತಲಿನ ತಗ್ಗುಗಳಲ್ಲಿ ನೀರು ನಿಲ್ಲುತ್ತಿತ್ತು. ಆ ಜೌಗು ನೆಲವೇ ಬೇಯಿನ್‌ನ ತವರು. ನದಿಯ ದಡಕ್ಕೆ ಒಡ್ಡು ಕಟ್ಟಲಾಯಿತು. 1974ರಲ್ಲಿ ಮೇಲ್ಭಾಗದಲ್ಲಿ ಪೋಂಗ್ ಅಣೆಕಟ್ಟು ಪೂರ್ಣಗೊಂಡಿತು. ಪ್ರವಾಹ ನಿಂತಿತು, ಜೌಗು ಒಣಗಿತು, ಒಣಗಿದ ನೆಲ ಗದ್ದೆಯಾಯಿತು. ಇದರಿಂದ ರೈತರಿಗೆ ಲಾಭವಾಯಿತೆಂಬುದನ್ನು ಮರೆಯಬಾರದು. ಹಸಿರು ಕ್ರಾಂತಿಯ ಕಾಲ ಅದು. ದೇಶಕ್ಕೆ ಅಕ್ಕಿ, ಗೋಧಿ ಬೇಕಾಗಿತ್ತು, ಪಂಜಾಬು ಕೊಟ್ಟಿತು. ಮೊದಲು ಭತ್ತವನ್ನೇ ಹೆಚ್ಚಾಗಿ ಬೆಳೆಯದಿದ್ದ ನೆಲದಲ್ಲಿ ಭತ್ತ ಬಂದಾಗ ಕೊಳವೆಬಾವಿಗಳ ಸಾಲೇ ಬಂತು. ಅಂತರ್ಜಲ ಇಳಿದಂತೆ ಒರತೆಗಳೂ ಬತ್ತಿದವು.

ನೀರಿಲ್ಲದ ಹಳ್ಳ ಯಾರ ಕಣ್ಣಿಗೂ ಹಳ್ಳವಾಗಿ ಕಾಣುವುದಿಲ್ಲ. ಮೇಲ್ಭಾಗದಲ್ಲಿ ಕೆಲವರು ಪಾತ್ರವನ್ನೇ ಸಮ ಮಾಡಿ ಉತ್ತರು. ಕೆಳಭಾಗದ ಊರುಗಳಿಗೆ ಅದು ಸಿದ್ಧ ಚರಂಡಿಯಾಯಿತು. ಕಪೂರ್ತಲಾ, ಸುಲ್ತಾನಪುರ ಲೋಧಿ ಸೇರಿದಂತೆ ಆರು ಪಟ್ಟಣಗಳು ಮತ್ತು 40ಕ್ಕೂ ಹೆಚ್ಚು ಹಳ್ಳಿಗಳ ಕೊಳೆ ನೀರು ಅದಕ್ಕೆ ಸೇರತೊಡಗಿತು. ಕೊಳೆ ನೀರು ನಿಂತಲ್ಲಿ ಬರುವ ಅತಿಥಿ ನಮಗೂ ಪರಿಚಿತ. ನಮ್ಮ ಊರುಗಳಲ್ಲಿ ಅಂತರಗಂಗೆ ಎನ್ನುವ, ದಕ್ಷಿಣ ಅಮೆರಿಕದಿಂದ ಬಂದ, ನೀಲಿ ಹೂವಿನ ಆ ಕಳೆ ಮೈಲಿಗಟ್ಟಲೆ ಹಬ್ಬಿಕೊಂಡು ನೀರೇ ಕಾಣದಂತಾಯಿತು. ಕೆಲವೆಡೆ ಹಳ್ಳ ಪೂರ್ತಿ ಒಣಗಿತ್ತು. ಕೊನೆಯ ಭಾಗದ ರೈತರಿಗೆ ನೀರೇ ಬರುತ್ತಿರಲಿಲ್ಲ. ಸುಲ್ತಾನಪುರದಲ್ಲಿ ಕಪೂರ್ತಲಾದ ಮಹಾರಾಜ ಜಗತ್‌ಜಿತ್ ಸಿಂಗ್ ಕಟ್ಟಿಸಿದ ಬೇರ್ ಸಾಹಿಬ್ ಗುರುದ್ವಾರಕ್ಕೆ ಬರುವ ಯಾತ್ರಿಕರು ನಾನಕರು ನೆಟ್ಟರೆನ್ನುವ ಎಲಚಿ ಮರಕ್ಕೆ ಕೈ ಮುಗಿದು, ಹಳ್ಳದ ಕಡೆ ಮೂಗು ಮುಚ್ಚಿಕೊಂಡು ಹೋಗುವ ಸ್ಥಿತಿ ಬಂತು.

ಕಾನೂನು ಇರಲಿಲ್ಲವೇ? ಇತ್ತು. ಜಲಮಾಲಿನ್ಯ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 1974ರಲ್ಲಿ, ಪೋಂಗ್ ಅಣೆಕಟ್ಟು ಮುಗಿದ ವರ್ಷವೇ. ಪುರಸಭೆಗಳು ಸಂಸ್ಕರಿಸದ ಕೊಳೆಯನ್ನು ಹರಿಯುವ ನೀರಿಗೆ ಬಿಡುವುದು ಅದರ ಪ್ರಕಾರ ಅಪರಾಧ. ಆದರೆ ಮೂರು ಜಿಲ್ಲೆಗಳಲ್ಲಿ ಹರಿಯುವ ಹಳ್ಳಕ್ಕೆ ಯಾರು ವಾರಸುದಾರರು? ನೀರಾವರಿ ಇಲಾಖೆಗೆ ಅದು ಬಸಿಗಾಲುವೆ, ಕಂದಾಯ ಇಲಾಖೆಗೆ ನಕಾಶೆಯ ಮೇಲಿನ ಗೆರೆ, ಪುರಸಭೆಗೆ ಊರಿನ ಹೊರಗಿನ ವಿಷಯ.

ಸರೋವರದ ಹೂಳು

2000ದಲ್ಲಿ ನಡೆದದ್ದನ್ನು ತಿಳಿಯುವ ಮೊದಲು ‘ಕರಸೇವೆ’ ಎಂಬ ಪದದ ಹಿನ್ನೆಲೆಯನ್ನು ತಿಳಿಯಬೇಕು. ಕನ್ನಡ ಪತ್ರಿಕೆಗಳ ಓದುಗರಿಗೆ ಈ ಪದ ಹೆಚ್ಚಾಗಿ ಪರಿಚಯವಾದದ್ದು 1990ರಿಂದ 1992ರವರೆಗಿನ ಅಯೋಧ್ಯೆಯ ಸುದ್ದಿಗಳ ಮೂಲಕ. ಪಂಜಾಬಿನಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ, ಮತ್ತು ಆ ಅರ್ಥ ಬಹಳ ಹಳೆಯದು. ಕೂಲಿ ಪಡೆಯದೆ, ಮೇಲುಕೀಳೆನ್ನದೆ, ಕೈಯಿಂದ ಮಾಡುವ ಸಾರ್ವಜನಿಕ ಕೆಲಸ ಅದು. ಮುಖ್ಯವಾಗಿ ಗುರುದ್ವಾರ ಕಟ್ಟುವುದು ಮತ್ತು ಸರೋವರದ ಹೂಳು ಎತ್ತುವುದು.

ಅಮೃತಸರದ ಸರೋವರವನ್ನು ನಾಲ್ಕನೆಯ ಗುರು ರಾಮದಾಸರು 1570ರ ದಶಕದಲ್ಲಿ ತೋಡಿಸಿದರು. ಅದಕ್ಕೆ ಸ್ವಂತ ನೀರಿನ ಮೂಲ ಸಾಲದೆ, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಉದಾಸಿ ಪಂಥದ ಸಾಧುಗಳು ರಾವಿ ನದಿಯಿಂದ ‘ಹಂಸಲಿ’ ಎಂಬ ನಾಲೆಯನ್ನು ತಂದರು. ನದಿಯ ನೀರು ಬಂದಲ್ಲಿ ಹೂಳೂ ಬರುತ್ತದೆ. 1923ರಲ್ಲಿ ಇಡೀ ಸರೋವರವನ್ನು ಬರಿದು ಮಾಡಿ ಹೂಳೆತ್ತಿದಾಗ ಪಂಜಾಬಿನ ಮೂಲೆ ಮೂಲೆಯಿಂದ ಜನ ಬಂದರು. ಗುರುದ್ವಾರಗಳನ್ನು ಮಹಂತರ ಹಿಡಿತದಿಂದ ಬಿಡಿಸುವ ಅಕಾಲಿ ಚಳವಳಿ ನಡೆಯುತ್ತಿದ್ದ ಕಾಲ ಅದು. ಬುಟ್ಟಿ ಹೊತ್ತವರಿಗೆ ಸರೋವರ ತಮ್ಮದೆಂಬ ಭಾವನೆ ಬಂದದ್ದು ಸಹಜ. ಮತ್ತೆ 1973ರಲ್ಲಿ, 2004ರಲ್ಲಿ ಹೂಳೆತ್ತಲಾಯಿತು. ಒಂದು ಬುಟ್ಟಿ ಕೆಸರನ್ನಾದರೂ ತಲೆಯ ಮೇಲೆ ಹೊರುವುದು ಪುಣ್ಯವೆಂದು ವಕೀಲರು, ಅಧಿಕಾರಿಗಳು, ವಿದೇಶದಿಂದ ಬಂದವರು ಎಲ್ಲರೂ ಸಾಲಿನಲ್ಲಿ ನಿಂತರು.

ನಮ್ಮಲ್ಲೂ ಇಂಥ ವ್ಯವಸ್ಥೆ ಇರಲಿಲ್ಲವೆಂದಲ್ಲ. ಕೆರೆಯ ದುರಸ್ತಿಗೆ ಬಿಟ್ಟ ‘ಬಿತ್ತುವಟ್ಟ’ದ ಭೂಮಿ, ಹೂಳು ಸಾಗಿಸುವ ಬಂಡಿಗಾಗಿ ಕೊಟ್ಟ ದತ್ತಿ ಇವೆಲ್ಲ ಕನ್ನಡ ಶಾಸನಗಳಲ್ಲಿ ಸಿಗುತ್ತವೆ. ಆದರೆ ಸರೋವರವಾಗಲಿ ಕೆರೆಯಾಗಲಿ, ಅದಕ್ಕೆ ದಂಡೆಯುಂಟು, ಎಲ್ಲೆಯುಂಟು, ಇಂಥ ಊರಿನದು ಎಂಬ ಹೆಸರುಂಟು. ಹರಿಯುವ ನೀರಿಗೆ ಇದಾವುದೂ ಇಲ್ಲ. ಒಂದು ಊರಿನವರು ಎಷ್ಟೇ ಹೂಳೆತ್ತಿದರೂ ಮೇಲಿನ ಊರಿನವರು ಕೊಳೆ ಬಿಟ್ಟರೆ ಅಲ್ಲಿಗೆ ಮುಗಿಯಿತು. ಸರೋವರಕ್ಕಾಗಿ ಬೆಳೆದು ಬಂದ ಪದ್ಧತಿಯನ್ನು 160 ಕಿ.ಮೀ. ಉದ್ದದ ಹಳ್ಳಕ್ಕೆ ಅನ್ವಯಿಸಿದ್ದೇ ಕಾಲಿ ಬೇಯಿನ್ ಪ್ರಕರಣದ ಹೊಸತನ.

ರಸ್ತೆ ಬಾಬಾನ ಹೊಸ ಕೆಲಸ

ಜಲಂಧರ್ ಜಿಲ್ಲೆಯ ಸೀಚೆವಾಲ್ ಎಂಬ ಸಣ್ಣ ಹಳ್ಳಿಯ ಬಲಬೀರ್ ಸಿಂಗ್ 1962ರಲ್ಲಿ ಹುಟ್ಟಿದವರು. ಅಲ್ಲಿನ ಡೇರೆಯ, ಅಂದರೆ ಮಠದ, ಸಂತ ಅವತಾರ್ ಸಿಂಗರ ಶಿಷ್ಯರಾಗಿ 1988ರಲ್ಲಿ ಅದರ ಹೊಣೆ ಹೊತ್ತರು. ಪ್ರವಚನ ಹೇಳುವುದಕ್ಕಿಂತ ಗುದ್ದಲಿ ಹಿಡಿಯುವುದರಲ್ಲಿ ಇವರಿಗೆ ಒಲವು. ಹೊಲಗಳ ನಡುವಿನ ಕೆಸರು ದಾರಿಗಳನ್ನು ಊರವರೊಂದಿಗೆ ಸೇರಿ ರಸ್ತೆ ಮಾಡಿದ್ದರಿಂದ ‘ಸಡಕಾಂವಾಲೆ ಬಾಬಾ’, ಅಂದರೆ ರಸ್ತೆ ಬಾಬಾ ಎಂದು ಹೆಸರಾಗಿದ್ದರು. 2000ದ ಜುಲೈ ತಿಂಗಳಲ್ಲಿ ಜಲಂಧರದಲ್ಲಿ ಬೇಯಿನ್ ದುಃಸ್ಥಿತಿಯ ಕುರಿತು ಸಭೆ ನಡೆಯಿತು. ಸಭೆಗಳಲ್ಲಿ ಆಗುವಂತೆ ಎಲ್ಲರೂ ಕಳವಳ ವ್ಯಕ್ತಪಡಿಸಿದರು. ಸೀಚೆವಾಲರು ಮಾತ್ರ ತಡಮಾಡದೆ ತಮ್ಮ ಹುಡುಗರೊಂದಿಗೆ ಸುಲ್ತಾನಪುರಕ್ಕೆ ಹೋಗಿ ನೀರಿಗಿಳಿದರು.

ಮೊದಲ ಕೆಲಸ ಕಳೆ ಕೀಳುವುದು. ಕುತ್ತಿಗೆಮಟ್ಟ ಕೊಳೆ ನೀರಿನಲ್ಲಿ ನಿಂತು ಅಂತರಗಂಗೆಯ ಬೇರನ್ನು ಕೈಯಿಂದ ಎಳೆದು ದಡಕ್ಕೆ ಹಾಕಬೇಕು. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹರಡಿತು. ಗುರುದ್ವಾರದ ಧ್ವನಿವರ್ಧಕದಲ್ಲಿ ಕರೆ ಕೊಟ್ಟರೆ ಜನ ಟ್ರಾಕ್ಟರಿನೊಂದಿಗೆ ಬರುತ್ತಾರೆ, ಇದು ಪಂಜಾಬಿನ ಹಳ್ಳಿಗಳ ಶಕ್ತಿ. ಊಟಕ್ಕೆ ಲಂಗರ್ ಇದ್ದೇ ಇತ್ತು. ಡೀಸೆಲ್‌ಗೆ ಹಣ ಕೊಟ್ಟವರಲ್ಲಿ ವಿದೇಶದಲ್ಲಿರುವ ದೋಆಬಾದವರೂ ಸೇರಿದ್ದರು. ಕಳೆ ತೆಗೆದ ಮೇಲೆ ಹೂಳು. ಹೂಳು ತೆಗೆದ ಮೇಲೆ ದಡಕ್ಕೆ ಕಲ್ಲು, ಘಟ್ಟಕ್ಕೆ ಮೆಟ್ಟಿಲು, ದಡದುದ್ದಕ್ಕೂ ಮಣ್ಣಿನ ರಸ್ತೆ, ರಸ್ತೆಯ ಪಕ್ಕ ಗಿಡ. ರಸ್ತೆಯಿಲ್ಲದೆ ಯಂತ್ರ ಹೋಗದು, ಕಾವಲೂ ಸಾಧ್ಯವಿಲ್ಲ ಎಂಬುದು ರಸ್ತೆ ಬಾಬಾನಿಗೆ ಗೊತ್ತಿದ್ದ ವಿಷಯ.

ಕಷ್ಟವಿದ್ದದ್ದು ಮೇಲ್ಭಾಗದಲ್ಲಿ. ಅಲ್ಲಿ ಹಳ್ಳವನ್ನು ಹುಡುಕಬೇಕಾಗಿತ್ತು. ಪಾತ್ರದಲ್ಲಿ ಬೆಳೆ ನಿಂತಿತ್ತು. ಬಿಟ್ಟುಕೊಡಲು ಎಲ್ಲ ರೈತರೂ ಒಪ್ಪಲಿಲ್ಲ, ವಾಗ್ವಾದಗಳಾದವು. ಸಂತರ ಮಾತಿಗೆ ಮರ್ಯಾದೆಯಿದ್ದ ಕಡೆ ಕೆಲಸ ಸಾಗಿತು, ಉಳಿದ ಕಡೆ ತಡವಾಯಿತು. ಪಾತ್ರ ತೆರೆದ ಮೇಲೂ ಹರಿಯಲು ನೀರು ಬೇಕಲ್ಲ? ಒರತೆಗಳು ಬತ್ತಿದ್ದರಿಂದ ಮುಕೇರಿಯಾನ್ ವಿದ್ಯುತ್ ಯೋಜನೆಯ ನಾಲೆಯಿಂದ ತೆರ್ಕಿಯಾನಾ ಎಂಬಲ್ಲಿ ಬಿಯಾಸ್ ನದಿಯ ನೀರನ್ನು ಬೇಯಿನ್‌ಗೆ ಬಿಡಲು ಸರ್ಕಾರವನ್ನು ಒಪ್ಪಿಸಲಾಯಿತು. ನಾಲ್ಕೈದು ವರ್ಷಗಳಲ್ಲಿ ಸುಲ್ತಾನಪುರದ ಘಟ್ಟದಲ್ಲಿ ಮತ್ತೆ ಸ್ನಾನ ಮಾಡುವಂತಾಯಿತು. 2006ರ ಆಗಸ್ಟಿನಲ್ಲಿ ಆಗಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅಲ್ಲಿಗೆ ಭೇಟಿ ನೀಡಿದಾಗ ದೇಶದ ಪತ್ರಿಕೆಗಳು ಕಣ್ತೆರೆದವು. 2008ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಸೀಚೆವಾಲರನ್ನು ತನ್ನ ‘ಪರಿಸರ ವೀರರ’ ಪಟ್ಟಿಗೆ ಸೇರಿಸಿತು. 2017ರಲ್ಲಿ ಪದ್ಮಶ್ರೀ ಬಂತು. 2022ರಲ್ಲಿ ಆಮ್ ಆದ್ಮಿ ಪಕ್ಷ ಅವರನ್ನು ರಾಜ್ಯಸಭೆಗೆ ಕಳುಹಿಸಿತು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿ, ಒಬ್ಬ ಸಂತನ ಪವಾಡವೆಂದು ಹೊಗಳುವ ಬರಹಗಳು ಬೇಕಾದಷ್ಟು ಬಂದಿವೆ. ಅವು ಹೇಳದೆ ಬಿಡುವ ಭಾಗವೇ ಹೆಚ್ಚು ಮುಖ್ಯವಾದದ್ದು.

ಕೊಳೆ ಎಲ್ಲಿ ಹೋಗಬೇಕು?

ಹೂಳನ್ನು ಒಮ್ಮೆ ಎತ್ತಿದರೆ ಕೆಲವು ವರ್ಷ ಚಿಂತೆಯಿಲ್ಲ. ಕೊಳೆ ನೀರು ಹಾಗಲ್ಲ. ದಿನ ಬೆಳಗಾದರೆ ಬರುತ್ತದೆ. ಕರಸೇವೆಯವರಿಗೆ ಇದು ಬೇಗ ಅರ್ಥವಾಯಿತು. ಹಳ್ಳಿಗಳಿಗೆ ‘ಹಳ್ಳಕ್ಕೆ ಬಿಡಬೇಡಿ’ ಎಂದರೆ ಅವರು ‘ಮತ್ತೆಲ್ಲಿಗೆ ಬಿಡೋಣ?’ ಎಂದು ಕೇಳುವುದು ನ್ಯಾಯವೇ. ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಈಗ ‘ಸೀಚೆವಾಲ್ ಮಾದರಿ’ ಎಂದು ಹೆಸರಾಗಿರುವ ವ್ಯವಸ್ಥೆ.

ಅದರಲ್ಲಿ ವಿಶೇಷ ಯಂತ್ರವೇನೂ ಇಲ್ಲ. ಮನೆ ಮನೆಯ ಬಚ್ಚಲು ನೀರು ನೆಲದಡಿಯ ಕೊಳವೆಯಲ್ಲಿ ಊರ ಹೊರಗೆ ಬರುತ್ತದೆ. ಅಲ್ಲಿ ಸಾಲಾಗಿ ಗುಂಡನೆಯ ಬಾವಿಗಳು. ಮೊದಲ ಬಾವಿಯಲ್ಲಿ ನೀರು ಸುತ್ತು ಹಾಕುವಾಗ ಮಣ್ಣು, ಮರಳು ತಳಕ್ಕೆ ಕೂರುತ್ತದೆ, ಪ್ಲಾಸ್ಟಿಕ್ ಕಸ ತೇಲುತ್ತದೆ. ಮುಂದಿನದರಲ್ಲಿ ಎಣ್ಣೆ ಜಿಡ್ಡು, ನೊರೆ ಮೇಲೆ ನಿಲ್ಲುತ್ತದೆ, ನೀರು ಕೆಳಗಿನಿಂದ ದಾಟಿಕೊಳ್ಳುತ್ತದೆ. ಮೂರನೆಯದನ್ನು ದಾಟಿದ ನೀರು ದೊಡ್ಡ ಕೊಳಕ್ಕೆ ಬಿದ್ದು ಕೆಲವು ದಿನ ಬಿಸಿಲು, ಗಾಳಿಗೆ ತೆರೆದುಕೊಂಡಿರುತ್ತದೆ. ಆಮೇಲೆ ಮೋಟಾರಿನಿಂದ ಹೊಲಗಳಿಗೆ ಹೋಗುತ್ತದೆ. ಕೊಳೆಯಲ್ಲಿರುವ ಸಾರಜನಕ ಬೆಳೆಗೆ ಗೊಬ್ಬರ. ಪಂಜಾಬಿನಂಥ ಅಂತರ್ಜಲ ಕುಸಿದಿರುವ ನಾಡಿನಲ್ಲಿ ರೈತನಿಗೆ ನೀರೂ ಸಿಕ್ಕಿತು, ಗೊಬ್ಬರದ ಖರ್ಚೂ ಕಡಿಮೆಯಾಯಿತು, ಹಳ್ಳಕ್ಕೆ ಬೀಳುವ ಕೊಳೆಯೂ ತಪ್ಪಿತು. ಮುಂದೆ ಗಂಗಾ ದಡದ ಹಳ್ಳಿಗಳಿಗೂ ಇದನ್ನು ಅಳವಡಿಸುವ ಮಾತು ಕೇಂದ್ರ ಸರ್ಕಾರದ ಮಟ್ಟದಲ್ಲಿ ನಡೆಯಿತು.

ಆದರೆ ಹಳ್ಳಿಗೆ ಒಗ್ಗಿದ್ದು ಪಟ್ಟಣಕ್ಕೆ ಒಗ್ಗುವುದಿಲ್ಲ. ಕಪೂರ್ತಲಾದಂಥ ಊರಿನ ಕೊಳೆಗೆ ಸಂಸ್ಕರಣಾ ಘಟಕವೇ ಬೇಕು, ಅದು ಸರಿಯಾಗಿ ನಡೆಯಬೇಕು, ಅದಕ್ಕೆ ಪುರಸಭೆಯೇ ಹೊಣೆ. ಸ್ವಯಂಸೇವಕರು ಅಲ್ಲಿ ಒತ್ತಾಯ ಮಾಡಬಹುದು, ಅಷ್ಟೆ. ಹಾಗೆಯೇ ನಾಲೆಯ ಬಾಗಿಲು ನೀರಾವರಿ ಇಲಾಖೆಯ ಕೈಯಲ್ಲಿದೆ. ಬಿಯಾಸ್ ನೀರು ಬರುವುದು ಕಡಿಮೆಯಾದಾಗ ಬೇಯಿನ್ ನಿಂತ ನೀರಾಗುತ್ತದೆ, ಸೋರಿ ಬಂದ ಕೊಳೆ ಅದರಲ್ಲಿರುವ ಆಮ್ಲಜನಕವನ್ನು ಮುಗಿಸುತ್ತದೆ, ರಾಶಿ ರಾಶಿ ಮೀನು ಸತ್ತು ತೇಲುತ್ತವೆ. ಶುದ್ಧವಾಯಿತೆಂದು ದೇಶವೆಲ್ಲ ಕೊಂಡಾಡಿದ ನಂತರವೂ ಇದು ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. 2019ರಲ್ಲಿ ನಾನಕರ 550ನೇ ಜಯಂತಿಗೆ ಸುಲ್ತಾನಪುರಕ್ಕೆ ಲಕ್ಷಾಂತರ ಜನ ಬಂದರು. ಅಂಥ ಉತ್ಸವಕ್ಕೆ ಘಟ್ಟಗಳು ಹೊಳೆಯುವಂತೆ ಮಾಡುವುದು ಸುಲಭ. ಯಾತ್ರಿಕರು ಹೋದ ಮೇಲಿನ ವಾರಗಳಲ್ಲಿ ಕಳೆ ಕೀಳುವವರು ಯಾರು ಎಂಬುದೇ ಪ್ರಶ್ನೆ. ಅದನ್ನು ಕೀಳುತ್ತಾ ಬಂದವರು ಡೇರೆಯ ಸೇವಾದಾರರು.

ಜನರೇ ಮಾಡುತ್ತಾರಲ್ಲ ಎಂದು ಸರ್ಕಾರ ಸುಮ್ಮನಾಗುವ ಅಪಾಯ ಇಲ್ಲಿದೆ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬೇಯಿನ್ ವಿಷಯದಲ್ಲಿ ಆದದ್ದು ಹೆಚ್ಚಾಗಿ ತಿರುಗುಮುರುಗು. ಜನ ನೀರಿಗಿಳಿಯುವವರೆಗೆ ಇಲಾಖೆಗಳಿಗೆ ಅಲ್ಲೊಂದು ಹಳ್ಳವಿದೆ ಎಂಬುದೇ ನೆನಪಿರಲಿಲ್ಲ. ಇಳಿದ ಮೇಲೆ ಉತ್ತರ ಕೊಡಬೇಕಾಯಿತು.

ಈ ಲೆಕ್ಕಾಚಾರಕ್ಕೆ ಇನ್ನೂ ಕಠಿಣವಾದ ಪರೀಕ್ಷೆ ಈಗ ಲುಧಿಯಾನದಲ್ಲಿ ನಡೆದಿದೆ. ಆ ನಗರದ ನಡುವೆ ಹರಿದು ಸಟ್ಲೆಜ್ ಸೇರುವ ಬುಡ್ಢಾ ನಾಲಾ ಒಂದು ಕಾಲದಲ್ಲಿ ‘ಬುಡ್ಢಾ ದರಿಯಾ’, ಅಂದರೆ ಮುದಿ ಹೊಳೆ ಎನಿಸಿಕೊಂಡಿತ್ತು. ಹೊಳೆ ನಾಲಾ ಆದದ್ದು ಹೆಸರಿನಲ್ಲೇ ಗೊತ್ತಾಗುತ್ತದೆ. 2024ರಲ್ಲಿ ಸೀಚೆವಾಲರು ತಮ್ಮ ತಂಡವನ್ನು ಅಲ್ಲಿಗೆ ಒಯ್ದರು. ಅದೇ ಯಂತ್ರಗಳು, ಅದೇ ಲಂಗರ್, ದಡದಲ್ಲಿ ಅದೇ ರಸ್ತೆ ಮತ್ತು ಗಿಡ. ಆದರೆ ಇಲ್ಲಿ ಬರುವುದು ಬಚ್ಚಲು ನೀರು ಮಾತ್ರವಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು, ಸಾವಿರಾರು ಎಮ್ಮೆಗಳ ಕೊಟ್ಟಿಗೆಗಳ ಸಗಣಿ, ಮಹಾನಗರದ ಒಳಚರಂಡಿ ಎಲ್ಲವೂ ಸೇರುತ್ತವೆ. ಬಣ್ಣದ ನೀರನ್ನು ಹೊಲಕ್ಕೆ ಹಾಯಿಸುವಂತಿಲ್ಲ. ಬಾವಿಯಲ್ಲಿ ಕೂರಿಸಿದರೆ ಅದರ ಲವಣ ಕೂರುವುದಿಲ್ಲ. ಬುಡ್ಢಾ ನಾಲಾದ ನೀರು ಸಟ್ಲೆಜ್ ಸೇರಿ, ಹರಿಕೆ ದಾಟಿ, ಕಾಲುವೆಗಳ ಮೂಲಕ ಪಂಜಾಬಿನ ದಕ್ಷಿಣದ ಜಿಲ್ಲೆಗಳಿಗೂ ರಾಜಸ್ಥಾನಕ್ಕೂ ಕುಡಿಯುವ ನೀರಾಗಿ ಹೋಗುತ್ತದೆ. 2024ರ ಡಿಸೆಂಬರಿನಲ್ಲಿ ‘ಕಾಲೇ ಪಾಣಿ ದಾ ಮೋರ್ಚಾ’ ಎಂಬ ಹೆಸರಿನಲ್ಲಿ ಪ್ರತಿಭಟನಕಾರರು ಬಣ್ಣದ ಕಾರ್ಖಾನೆಗಳ ಕೊಳವೆಗಳಿಗೆ ಮಣ್ಣು ತುಂಬಿ ಮುಚ್ಚುತ್ತೇವೆಂದು ಲುಧಿಯಾನಕ್ಕೆ ಹೊರಟರು. ಪೊಲೀಸರು ತಡೆದರು. ಕಾರ್ಖಾನೆಗಳ ಕಾರ್ಮಿಕರು ಮತ್ತು ಮಾಲೀಕರು ಇನ್ನೊಂದು ಕಡೆ ಸೇರಿದ್ದರು.